ಮೂರನೇ ಮೆಟ್ಟಿಲಿನ ಮೇಲೆ ಅಡಚಣೆ

ಮನುಷ್ಯನಿಗೆ ತಾನು ವಾಸವಾಗಿದ್ದ ಮನೆಗಳು ಚೆನ್ನಾಗಿ ನೆನಪಿರುತ್ತವೆ ಎನ್ನುವುದು ದೊಡ್ಡ ಸುಳ್ಳು ಎಂದು ನನಗೆ ಇತ್ತೀಚೆಗೆ ಬಲವಾಗಿ ಅನ್ನಿಸತೊಡಗಿದೆ. ನಾನು ಹುಟ್ಟಿ ಹದಿನೆಂಟು ವರ್ಷ ಬೆಳೆದ ತುಮಕೂರಿನ ಮನೆಯ ಅಡುಗೆಮನೆಗೆ ಕಿಟಕಿ ಇತ್ತೇ ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ. ಇತ್ತು ಎಂದು ನಾನು, ಇರಲೇ ಇಲ್ಲ ಎಂದು ನನ್ನ ಅಕ್ಕ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಕೂತು ಈ ಕಿಟಕಿಯ ಬಗ್ಗೆ ನಾವಿಬ್ಬರೂ ಎಷ್ಟು ಜೋರಾಗಿ ವಾದ ಮಾಡಿದೆವೆಂದರೆ, ಬಡಿಸುವವರು ನಮ್ಮ ಎಲೆಗಳ ಹತ್ತಿರ ಬರಲು ಹೆದರಿ ಮುಂದೆ ಹೋದರು. ಇಬ್ಬರಿಗೂ ಹೋಳಿಗೆ ತಪ್ಪಿತು. ಆದರೆ ನಾನು ಒಂದು ದಿನವೂ ಕಾಲಿಡದ, ಬೊಂಬಾಯಿಯ ಯಾವುದೋ ಸ್ಟುಡಿಯೋದಲ್ಲಿ ಹಲಗೆ, ಮೊಳೆ, ಬಣ್ಣದ ಬಟ್ಟೆಗಳಿಂದ ನಿಲ್ಲಿಸಿದ್ದ ಒಂದು ಮನೆಯ ಬಗ್ಗೆ ಕೇಳಿ ನೋಡಿ. ಬಾಗಿಲಿನಿಂದ ಸೋಫಾಕ್ಕೆ ಎಷ್ಟು ಅಡಿ, ಸೋಫಾದಿಂದ ಟೆಲಿಫೋನಿಗೆ ಎಷ್ಟು, ಮೆಟ್ಟಿಲು ಎಷ್ಟು ಎತ್ತರ, ಕಾಲು ಇಂಚು ಆಚೀಚೆ ಆಗದಂತೆ ಹೇಳಬಲ್ಲೆ. ಹಾಗೆಂದು ಅದನ್ನು ನೀವು ನಂಬಬೇಕಾಗಿಲ್ಲ. ನೆನಪಿನ ಮೇಲೆ ನಂಬಿಕೆ ಇಲ್ಲದ್ದರಿಂದಲೇ ನಾನು ಡೈರಿ ಬರೆಯುತ್ತೇನೆ. ಡೈರಿಯ ಮೇಲೂ ಪೂರ್ತಿ ನಂಬಿಕೆ ಇಲ್ಲ, ಏಕೆಂದರೆ ಅದನ್ನು ಬರೆದವನು ಯಾರೆಂದು ನನಗೆ ಗೊತ್ತು.

ಆಗ ನಾವು ದಾಸರಹಳ್ಳಿಯಲ್ಲಿ ಗಂಗಮ್ಮನವರ ವಠಾರದಲ್ಲಿ ಬಾಡಿಗೆಗಿದ್ದೆವು. ಸಾಲಾಗಿ ನಾಲ್ಕು ಮನೆ, ಎರಡೆರಡು ಕೋಣೆ. ಎದುರಿಗೆ ಗಂಗಮ್ಮನವರ ಸ್ವಂತ ಮನೆ. ಅದರ ಪಡಸಾಲೆಗೆ ಅಂಟಿಕೊಂಡಂತೆ ಕೊಟ್ಟಿಗೆ. ಅವರ ಹೊಲ ಪೀಣ್ಯದ ಕಾರ್ಖಾನೆಗಳ ಕೆಳಗೆ ಹೋಗಿತ್ತು. ಹಸುಗಳು ಮಾತ್ರ ಉಳಿದಿದ್ದವು, ಜೊತೆಗೆ ಒಂದು ಟಿವಿ ಬಂದಿತ್ತು. ಭಾನುವಾರ ಬೆಳಗ್ಗೆ ಹಾಲು ಕರೆದಾದ ಮೇಲೆ ಗಂಗಮ್ಮ ಟಿವಿಯ ಮೇಲಿನ ಕಸೂತಿ ಬಟ್ಟೆ ತೆಗೆದರೆಂದರೆ ವಠಾರವೆಲ್ಲ ಅವರ ಪಡಸಾಲೆಯಲ್ಲಿ ಸೇರುತ್ತಿತ್ತು. ನಾನು ನನ್ನ ಹೆಂಡತಿ ವಿಶಾಲಾಕ್ಷಿಯೊಂದಿಗೆ ಗೋಡೆ ಪಕ್ಕದ ರಾಗಿ ಮೂಟೆಗೆ ಒರಗಿ ಕೂರುತ್ತಿದ್ದೆ. ಅಂದಿನ ಧಾರಾವಾಹಿ ಹಿಂದಿಯದು. ಗಂಡ, ಹೆಂಡತಿ, ಗಂಡನ ತಾಯಿ, ಆಗಾಗ ಬಂದು, ಕೂತರೆ ಏಳದ ಒಬ್ಬ ಸೋದರಮಾವ. ಅವರು ಏನೋ ಹೇಳುತ್ತಿದ್ದರು, ಯಾರೋ ಕಾಣದವರು ಗೊಳ್ಳೆಂದು ನಗುತ್ತಿದ್ದರು. ನಮಗೆ ಹತ್ತರಲ್ಲಿ ಎರಡು ಮಾತು ಅರ್ಥವಾಗುತ್ತಿತ್ತು. ಮಾತು ಅರ್ಥವಾಗದಿದ್ದರೆ ಕಣ್ಣು ಏನು ಮಾಡೀತು? ಗೋಡೆ ನೋಡುತ್ತದೆ. ಹಿಂದಿ ಬರುವ ಜನ ಆ ಧಾರಾವಾಹಿಯ ಕಥೆ ನೋಡಿದರು, ನಾವು ಮನೆ ನೋಡಿದೆವು.

ಹಾಗೆ ನೋಡಿದರೆ ಆ ವರ್ಷಗಳಲ್ಲಿ ಟಿವಿಯಲ್ಲಿ ಬಂದ ಮನೆಗಳೇ ಒಂದು ಬಡಾವಣೆ ಆಗುವಷ್ಟಿದ್ದವು. ಬುಧವಾರ ಒಬ್ಬ ವಕೀಲರ ಮನೆ. ಅಲ್ಲಿ ಪುಸ್ತಕದ ಕಪಾಟು ಗೋಡೆ ತುಂಬ, ಆದರೆ ಯಾರೂ ಒಂದು ಪುಸ್ತಕ ತೆಗೆದದ್ದು ನಾನು ಕಾಣೆ. ಇನ್ನೊಂದರಲ್ಲಿ ದೊಡ್ಡ ಕೂಡುಕುಟುಂಬ. ಪಡಸಾಲೆಗೆ ಏಳು ಬಾಗಿಲು, ಒಬ್ಬೊಬ್ಬ ಸೊಸೆ ಒಂದೊಂದು ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಒಂದು ಬುಧವಾರ ವಿಶಾಲು ನನ್ನ ತೋಳು ತಿವಿದು, “ಏನ್ರೀ, ಆ ಕಿಟಕಿ ನೋಡಿ, ಭಾನುವಾರದ ಮನೇದೇ ಅಲ್ವಾ?” ಎಂದಳು. ಹೌದು, ಅದೇ ಕಿಟಕಿ. ಅದೇ ಕಂಬಿ. ಹೂದಾನಿಯೂ ಅದೇ. ಗಂಗಮ್ಮನವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. “ಅವ್ರು ಖಾಲಿ ಮಾಡವ್ರೆ, ಇವ್ರು ಬಾಡಿಗೆಗೆ ಬಂದವ್ರೆ. ಹೂವಿನ ಕುಂಡ ಬಿಟ್ಟೋಗವ್ರೆ ನೋಡು, ಪಾಪ ಒಳ್ಳೆ ಜನ,” ಎಂದು ತೀರ್ಪು ಕೊಟ್ಟರು. ನಾಲ್ಕು ಮನೆ ಬಾಡಿಗೆಗೆ ಕೊಟ್ಟವರ ದೃಷ್ಟಿಯೇ ಬೇರೆ.

ಇಷ್ಟೇ ಆಗಿದ್ದರೆ ನಾನೂ ನಿಮ್ಮ ಹಾಗೆ ನೋಡಿ ಮರೆಯುತ್ತಿದ್ದೆ. ಆದರೆ ಆ ಚಳಿಗಾಲದಲ್ಲಿ ವಿಶಾಲುಗೆ ಅವಳ ಫ್ಯಾಕ್ಟರಿಯ ನೌಕರರ ಸೊಸೈಟಿಯಿಂದ ಚೊಕ್ಕಸಂದ್ರದ ಆಚೆ ಒಂದು ಮೂವತ್ತು–ನಲವತ್ತರ ಸೈಟು ಬಂತು. ಅವಳು ಕೆಲಸ ಮಾಡುವುದು ಟೆಲಿಫೋನಿನ ಬಿಡಿಭಾಗ ಮಾಡುವ ಕಡೆ, ಇನ್‌ಸ್ಪೆಕ್ಷನ್ನಿನಲ್ಲಿ. ಬೆಳಗಿನ ಪಾಳಿ, ಐದೂವರೆಗೆ ಬಸ್ಸು ಹತ್ತಿದರೆ ಎಂಟು ಗಂಟೆ ಕಾಲ ಭೂತಗನ್ನಡಿಯ ಕೆಳಗೆ ಬೆರಳಿನ ಉಗುರಿನಷ್ಟು ತುಂಡುಗಳನ್ನು ಹಿಡಿದು ‘ಆಗಬಹುದು’, ‘ಆಗದು’ ಎಂದು ಎರಡು ಟ್ರೇಗೆ ಹಾಕುವುದು. ಸೈಟು ಅವಳ ಹೆಸರಿಗೆ. ಯುಗಾದಿಯೊಳಗೆ ಅವಳ ಸಹಿ ಇರುವ ಪ್ಲಾನು ಕೊಡದಿದ್ದರೆ ನಮ್ಮ ಸರದಿಯನ್ನು ಮುಂದಿನ ಪಟ್ಟಿಗೆ ತಳ್ಳುತ್ತೇವೆಂದು ಸೊಸೈಟಿಯವರು ಹೇಳಿಬಿಟ್ಟಿದ್ದರು. ಪ್ಲಾನು ಬರೆಯುವವನು ನಾನು. ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿದವನು, ದಿನವೂ ಡ್ರಾಯಿಂಗ್ ಬೋರ್ಡಿನ ಮುಂದೆ ನಿಲ್ಲುವವನು, ಹೊರಗಿನವರನ್ನು ಕರೆಯುವುದೆಂದರೆ ಅವಮಾನವಲ್ಲವೇ?

ಆ ಭಾನುವಾರ ಧಾರಾವಾಹಿ ಮುಗಿಯುವಾಗ ವಿಶಾಲು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: “ನಮ್ಮನೇಗೂ ಮೆಟ್ಲು ಒಳಗಡೇನೇ ಬರ್ಲಿ ಕಣ್ರೀ. ಇದೇ ತರ. ಹಾಲಿನಲ್ಲಿ.”

ನಮ್ಮ ಕಡೆ ಮೆಟ್ಟಿಲು ಮನೆಯ ಹೊರಗಿರುತ್ತದೆ. ಮೇಲೆ ಮಾಳಿಗೆ, ಹಪ್ಪಳ ಒಣಗಿಸಲು. ನಾಳೆ ಒಂದು ಅಂತಸ್ತು ಎಬ್ಬಿಸಿದರೆ ಬಾಡಿಗೆಯವರು ತಮ್ಮ ಪಾಡಿಗೆ ಹತ್ತಿ ಇಳಿಯಲು. ಇದು ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ಹಾಲಿನೊಳಗೆ ಮೆಟ್ಟಿಲಿಟ್ಟರೆ ಉಳಿಯುವುದು ಮೆಟ್ಟಿಲೇ ಹೊರತು ಹಾಲಲ್ಲ. ನಾನು ತಕ್ಷಣ ಆಗದು ಎನ್ನಬಹುದಿತ್ತು. ಹಾಗೆ ಅನ್ನಲಿಲ್ಲ. “ನೋಡೋಣ, ಮೊದಲು ಆ ಮನೇನ ಸರಿಯಾಗಿ ಅಳೀಬೇಕು,” ಎಂದೆ. ಹೀಗೆ ಹೇಳಿದೆನೆಂದು ಡೈರಿಯಲ್ಲಿದೆ. ವಿಶಾಲು ಪ್ರಕಾರ ನಾನು ಹೇಳಿದ್ದು, “ಖಂಡಿತ ಮಾಡಿಕೊಡ್ತೀನಿ” ಎಂದು.

ಅಳೆಯುವುದು ಎಂದೆನಲ್ಲ, ಅದು ನನ್ನ ಕಸುಬಿನ ರೋಗ. ನಮ್ಮ ಸೆಕ್ಷನ್ನಿಗೆ ಇಂಗ್ಲಿಷಿನಲ್ಲಿ ಬಸ್ಸಿನ ಬೋರ್ಡಿನಷ್ಟು ಉದ್ದದ ಹೆಸರಿದ್ದರೂ ನನ್ನ ಫ್ಯಾಕ್ಟರಿಯಲ್ಲಿ ಎಲ್ಲರೂ ಕರೆಯುವುದು ನಕಲು ಸೆಕ್ಷನ್ ಎಂದೇ. ಹಿಂದೆ ಯಾವಾಗಲೋ ಹೊರದೇಶದಿಂದ ತಂದ ಯಂತ್ರದ ಒಂದು ಭಾಗ ಮುರಿಯುತ್ತದೆ. ಹೊಸದನ್ನು ತರಿಸಲು ಅಪ್ಪಣೆ ಇಲ್ಲ, ನಕ್ಷೆಯೂ ಇಲ್ಲ. ಮುರಿದ ತುಂಡು ನಮ್ಮ ಮೇಜಿಗೆ ಬರುತ್ತದೆ. ನಾವು ಅದನ್ನು ತಿರುಗಿಸಿ ಮುರುಗಿಸಿ ಅಳೆದು, ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಮೂರು ನೋಟ ಬರೆದು, ಮೂರೂ ಒಂದಕ್ಕೊಂದು ಒಪ್ಪಿದರೆ ಕೆಳಗೆ ಸಹಿ ಹಾಕಿ ಫೌಂಡ್ರಿಗೆ ಕಳಿಸುತ್ತೇವೆ. ಕಂಡದ್ದನ್ನು ಕಂಡ ಹಾಗೆ ಬರೆಯುವುದೇ ನಮ್ಮ ಧರ್ಮ. ಸೇರಿದ ಹೊಸತರಲ್ಲಿ ನಾನು ಒಂದು ಪಂಪಿನ ಮುಚ್ಚಳ ಬರೆದಿದ್ದೆ. ಎಷ್ಟು ಶ್ರದ್ಧೆಯಿಂದ ಬರೆದೆನೆಂದರೆ, ಅದರ ಅಂಚಿನಲ್ಲಿದ್ದ ಒಂದು ತಗ್ಗನ್ನೂ ಅಳೆದು ನಮೂದಿಸಿದೆ. ನಕ್ಷೆಯ ಪ್ರಕಾರ ಹೊಸ ಮುಚ್ಚಳಗಳು ತಗ್ಗಿನ ಸಮೇತ ತಯಾರಾದವು. ಆಮೇಲೆ ವರ್ಕ್‌ಶಾಪಿನ ಹಳಬರೊಬ್ಬರು ಬಂದು, “ಸಾರ್, ಆ ಗುಳಿ ನಾನು ಒಂದ್ ಸಲ ಸುತ್ತಿಗೇಲಿ ಹೊಡ್ದಿದ್ದು. ಅದನ್ನ ಯಾಕೆ ಮಾಡ್ಸ್ತಿದೀರ? ಬಹಳ ಕಷ್ಟ ಆಗ್ತಿದೆ,” ಎಂದು ಬೇಡಿಕೊಂಡರು. ಇಂಥ ಕೈಗೆ ಬೊಂಬಾಯಿಯ ಮನೆ ಸಿಕ್ಕಿತ್ತು.

ಮುಂದಿನ ಭಾನುವಾರ ನಾನು ರಾಗಿ ಮೂಟೆ ಬಿಟ್ಟು ಎದ್ದೆ. ಕೈಯಲ್ಲಿ ಡಿವೈಡರು, ಪಾರದರ್ಶಕ ಸ್ಕೇಲು, ಡೈರಿ. ಅಳತೆಗೆ ಒಂದು ಆಧಾರ ಬೇಕಲ್ಲ, ಧಾರಾವಾಹಿಯ ಗಂಡ ಓದುತ್ತಿದ್ದ ಇಂಗ್ಲಿಷ್ ಪತ್ರಿಕೆಯನ್ನು ಹಿಡಿದೆ. ಪತ್ರಿಕೆಯ ಅಗಲ ನನಗೆ ಗೊತ್ತು. ಪರದೆಯ ಮೇಲೆ ಅದು ಎಷ್ಟು ಮಿಲಿಮೀಟರು ಎಂದು ಅಳೆದರೆ ಉಳಿದದ್ದೆಲ್ಲ ಗುಣಾಕಾರ. ಪರದೆಗೆ ಡಿವೈಡರಿನ ಮೊನೆ ತಾಗಿಸುತ್ತಿದ್ದಂತೆ ಹಿಂದಿನಿಂದ ಗಂಗಮ್ಮನವರ ದನಿ ಬಂತು.

“ಏನಪ್ಪೋ ಇಂಜಿನೇರಪ್ಪ, ಸೂಜಿ ಚುಚ್ಚಿ ಒಡ್ದಾಕ್ಬುಟ್ಟೀಯ! ಇಂಗೆ ಅಡ್ಡ ನಿಂತ್ಕಂಡ್ರೆ ನಾವು ನಿನ್ ಬೆನ್ನು ನೋಡಾನ?”

“ಒಂದೇ ನಿಮಿಷ ಗಂಗಮ್ಮ, ಮೆಟ್ಲು ಅಳೀತಿದೀನಿ.”

“ಅವ್ರ ಮೆಟ್ಲು ಕಟ್ಕೊಂಡು ನಿಂಗೇನಪ್ಪ? ಅಳತೆ ಬೇಕಿದ್ರೆ ನಮ್ ಅಟ್ಟದ ಏಣಿ ಐತೆ, ಅಳ್ಕೊ.”

ವಿಶಾಲು ನಕ್ಕಳೋ ಮುಖ ಮುಚ್ಚಿಕೊಂಡಳೋ ನಾನು ನೋಡಲಿಲ್ಲ. ಮನೆ ಅಲುಗಾಡತೊಡಗಿತ್ತು. ಗಂಡ ಪತ್ರಿಕೆ ಹಿಡಿದುಕೊಂಡು ಎರಡು ಹೆಜ್ಜೆ ಮುಂದೆ ಬಂದರೆ ಪತ್ರಿಕೆ ದೊಡ್ಡದಾಗಿ, ನನ್ನ ಗುಣಾಕಾರದಲ್ಲಿ ಇಡೀ ಮನೆ ನಾಲ್ಕು ಅಡಿ ಕುಗ್ಗುತ್ತಿತ್ತು. ಅವನು ಹಿಂದಕ್ಕೆ ಹೋಗಿ ಕೂತರೆ ಮತ್ತೆ ಬೆಳೆಯುತ್ತಿತ್ತು. ಅವನಿಗೆ ಒಂದು ಕಡೆ ಕೂತು ಓದುವ ಅಭ್ಯಾಸವಿದ್ದಿದ್ದರೆ ನನ್ನ ಕೆಲಸ ಎರಡು ವಾರದಲ್ಲಿ ಮುಗಿಯುತ್ತಿತ್ತು. ಹನ್ನೊಂದು ಭಾನುವಾರ ಹಿಡಿಯಿತು.

ಹನ್ನೊಂದು ವಾರದಲ್ಲಿ ವಠಾರವೂ ಕೈ ಜೋಡಿಸಿತು ಎನ್ನಬೇಕು. ಗಂಗಮ್ಮನವರು ಮೊದಮೊದಲು ಬೈದರೂ ಆಮೇಲೆ ನನಗಿಂತ ಚುರುಕಾಗಿ ತಪ್ಪು ಹುಡುಕತೊಡಗಿದರು. “ವಾರ ವಾರ ನೋಡ್ತಿವ್ನಿ, ಒಬ್ರಾದ್ರೂ ಬಚ್ಚಲಿಗೆ ಓಗಿಲ್ಲ. ಈ ಮನೇಲಿ ಬಚ್ಚಲೆಲ್ಲೈತೆ?” ಎಂದರು. ನಾನು ಬಚ್ಚಲನ್ನು ಮೆಟ್ಟಿಲಿನ ಕೆಳಗೆ ಊಹಿಸಿ ಬರೆದೆ. ಇನ್ನೊಮ್ಮೆ, “ನಾವು ಕುಂತಿರೋ ಕಡೆ ಗೋಡೆ ಎಲ್ಲಪ್ಪ?” ಎಂದರು. ಆ ಕಡೆ ಕ್ಯಾಮೆರಾ ಇರುತ್ತದೆ ಎಂದು ವಿವರಿಸಿದೆ. “ಕ್ಯಾಮ್ರ ಇದ್ರೆ ಇರ್ಲಿ, ಕಳ್ರು ಬರಾಕಿಲ್ವ?” ಎಂದರು. ಸರಿಯಾದ ಪ್ರಶ್ನೆ. ನಾನು ಅಲ್ಲಿ ಚುಕ್ಕೆ ಗೆರೆ ಎಳೆದು ‘ಗೋಡೆ (ಊಹೆ)’ ಎಂದು ಬರೆದೆ. ಪರದೆಯ ಬಣ್ಣದ ಬಗ್ಗೆ ಒಮ್ಮೆ ದೊಡ್ಡ ಜಗಳವೇ ಆಯಿತು. ಕಿಟಕಿಯ ಪರದೆ ಕೆಂಪು ಎಂದು ಗಂಗಮ್ಮ, ಹಸಿರು ಎಂದು ವಿಶಾಲು. ಇಬ್ಬರೂ ಕಣ್ಣಾರೆ ಕಂಡವರು. ನಾನು ಡೈರಿ ತೆಗೆದು ಇತ್ಯರ್ಥ ಮಾಡಿದೆ: ನನ್ನದೇ ಅಕ್ಷರದಲ್ಲಿ, ಮೂರನೇ ವಾರದ ಪುಟದಲ್ಲಿ, ‘ಪರದೆ: ತಿಳಿಹಸಿರು, ಅಂಚು ಹಳದಿ’. ವಿಶಾಲು ಗೆದ್ದೆನೆಂದು ಹಿಗ್ಗಿದಳು. ಟಿವಿ ಕಪ್ಪು ಬಿಳುಪಿನದು ಎನ್ನುವುದು ನಮ್ಮಲ್ಲಿ ಯಾರಿಗೂ ಹೊಳೆದದ್ದು ಎರಡು ದಿನ ಕಳೆದ ಮೇಲೆ. ನನಗೆ ಇಂದಿಗೂ ಆ ಹಳದಿ ಅಂಚು ಕಾಣುತ್ತದೆ, ಏನು ಮಾಡಲಿ?

ಕೊನೆಗೂ ಮೂರು ನೋಟಗಳು ಶೀಟಿನ ಮೇಲೆ ಬಂದವು. ಒಂದಕ್ಕೊಂದು ಒಪ್ಪಲಿಲ್ಲ. ಚಹಾ ಒಂದು ವಾರ ಬಲಗಡೆಯ ಬಾಗಿಲಿಂದ ಬರುತ್ತಿತ್ತು, ಇನ್ನೊಂದು ವಾರ ಎಡಗಡೆಯಿಂದ, ಅಡುಗೆಮನೆ ಒಂದೇ. ಕೆಳಗಿನ ಕಿಟಕಿಯಲ್ಲಿ ಕಾಣುವ ತೆಂಗಿನ ಗರಿ ಮೇಲಿನ ಕೋಣೆಯ ಕಿಟಕಿಯಲ್ಲೂ ಅಷ್ಟೇ ಎತ್ತರದಲ್ಲಿ ಕಾಣುತ್ತಿತ್ತು. ಸೋದರಮಾವ ಒಮ್ಮೆ ಮೆಟ್ಟಿಲು ಹತ್ತಿ ಮೇಲೆ ಹೋದವನು ಇಳಿದು ಬರದೆ ಮುಂಬಾಗಿಲಿನಿಂದ ಒಳಗೆ ಬಂದ. ಎಲ್ಲಕ್ಕಿಂತ ಮುಖ್ಯ, ಆ ಮೆಟ್ಟಿಲಿನ ಇಳಿಜಾರನ್ನು ಹಾಗೇ ಎಳೆದರೆ ಏಳನೇ ಮೆಟ್ಟಿಲಿನಲ್ಲಿ ತಲೆ ಸೂರಿಗೆ ತಾಗಬೇಕು. ಸಾಲದ್ದಕ್ಕೆ ಮೆಟ್ಟಿಲಿನ ಮಾಪನವೇ ಅಪೂರ್ಣವಾಗಿತ್ತು. ಶೀಟನ್ನು ಸುರುಳಿ ಸುತ್ತಿ ಆಫೀಸಿಗೆ ಒಯ್ದು ಪಕ್ಕದ ಬೋರ್ಡಿನ ದೊರೆಸ್ವಾಮಿಗೆ ತೋರಿಸಿದೆ. ನಮ್ಮ ನಕ್ಷೆಗಳಲ್ಲಿ ತಪ್ಪು ಹಿಡಿಯುವುದು ಅವನ ಕೆಲಸ. ಅವನು ಕೆಂಪು ಪೆನ್ಸಿಲ್ ಹಿಡಿದು ಐದು ನಿಮಿಷ ಬಗ್ಗಿ ನೋಡಿದ.

“ಸಾರ್, ಯಾವ ಮಿಷಿನ್ ಇದು?”

“ಮನೆ ಕಣೋ.”

“ಮನೇನಾ? ಯಾರ್ ಸಾರ್ ಇರೋದು ಇದ್ರಲ್ಲಿ? ಮೇಲೆ ಹೋದವನು ಕೆಳಗೆ ಬರಕ್ಕಾಗಲ್ವಲ್ಲ!”

ಅವನು ಅಡ್ಡಲಾಗಿ ಒಂದು ಕೆಂಪು ಗೆರೆ ಎಳೆದುಕೊಟ್ಟ. ನನಗೆ ಅಷ್ಟು ಸಂತೋಷ ಯಾವ ಬಡ್ತಿಯಲ್ಲೂ ಆಗಿರಲಿಲ್ಲ. ಹಾಲಿನಲ್ಲಿ ಮೆಟ್ಟಿಲು ಬೇಡ ಎನ್ನುತ್ತಿದ್ದವನು ಈಗ ನಾನಲ್ಲ ನೋಡಿ, ಅಂಥ ಮನೆ ಜಗತ್ತಿನಲ್ಲೇ ಸಾಧ್ಯವಿಲ್ಲ ಎಂದು ರೇಖಾಗಣಿತ ಹೇಳುತ್ತಿತ್ತು.

ಆ ಸಂಜೆ ಊಟದ ಮೊದಲು ನೆಲದ ಮೇಲೆ ಶೀಟು ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ವಿಶಾಲುಗೆ ಒಂದೊಂದೇ ತೋರಿಸಿದೆ. ಚಹಾ, ತೆಂಗಿನ ಗರಿ, ಸೋದರಮಾವ, ಏಳನೇ ಮೆಟ್ಟಿಲು. ಅವಳು ಮಂಡಿಯೂರಿ ಕೂತು ಎಲ್ಲವನ್ನೂ ಕೇಳಿದಳು. ಎಂಟು ಗಂಟೆ ಭೂತಗನ್ನಡಿ ನೋಡಿ ಬಂದ ಕಣ್ಣು, ಕೆಂಪಗಿತ್ತು.

“ಹಂಗಾದ್ರೆ ಅದು ಮನೇನೇ ಅಲ್ಲ ಅಂತೀರಾ?”

“ಅಲ್ಲವೇ ಅಲ್ಲ. ನೋಡು, ದೊರೆಸ್ವಾಮೀನೂ ಒಪ್ಪಿದಾನೆ.”

“ಸರಿ ಬಿಡಿ.”

ಗೆದ್ದವನ ಉದಾರತೆಯಿಂದ ನಾನು ಇನ್ನೊಂದು ಶೀಟು ತೆಗೆದೆ: ನಮ್ಮ ಪ್ಲಾನು. ಎರಡು ಕೋಣೆ, ಹದಿನಾಲ್ಕು ಅಡಿಯ ಹಾಲು, ಮೆಟ್ಟಿಲು ಹೊರಗೆ. ಸಹಿ ಮಾಡಲು ಪೆನ್ನು ಕೊಟ್ಟೆ. ಅವಳು ಪೆನ್ನಿನ ಕ್ಯಾಪು ತೆಗೆದು, ಶೀಟನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಕ್ಯಾಪು ಹಾಕಿ ಕೆಳಗಿಟ್ಟಳು. “ಫ್ಯಾಕ್ಟರೀಲಿ ಪೀಸು ವಾಪಸ್ ಕಳಿಸೋವಾಗ ನಾವು ಕಾರಣ ಬರೀಬೇಕು ರೀ. ಇದಕ್ಕೆ ಏನು ಬರೀಲಿ ಅಂತ ನಂಗೆ ಗೊತ್ತಾಗ್ತಿಲ್ಲ. ಪ್ಲಾನು ಸರಿಯಾಗೇ ಇದೆ. ಇರ್ಲಿ, ಇನ್ನೊಂದಿನ ಮಾಡ್ತೀನಿ,” ಎಂದು ಎದ್ದು ತಟ್ಟೆ ಹಾಕಿದಳು. ಸಾರು ಯಾವತ್ತಿನಷ್ಟೇ ಚೆನ್ನಾಗಿತ್ತು. ಅದೇ ನನಗೆ ಭಯ ಹುಟ್ಟಿಸಿತು. ಸಿಟ್ಟು ಬಂದರೆ ಸಾರಿಗೆ ಉಪ್ಪು ಜಾಸ್ತಿ ಮಾಡುವ ಹೆಂಡತಿಯರ ಗಂಡಂದಿರು ಅದೃಷ್ಟವಂತರು, ಅವರಿಗೆ ವಿಷಯ ತಿಳಿಯುತ್ತದೆ. ಇನ್ನೊಂದು ದಿನ, ಮತ್ತೊಂದು ದಿನ ಎಂದು ಯುಗಾದಿಗೆ ಒಂಬತ್ತು ದಿನ ಉಳಿಯಿತು. ಸಹಿ ಬೀಳಲಿಲ್ಲ. ಯಾಕೆ ಎಂದು ಕೇಳಿದರೆ, “ಏನೂ ಇಲ್ವಲ್ಲ,” ಎನ್ನುತ್ತಿದ್ದಳು. ಒಗ್ಗರಣೆ ಹಾಕುತ್ತ ಹೇಳುತ್ತಿದ್ದಳು, ಆ ಚಟಪಟದಲ್ಲಿ ದನಿಯಲ್ಲಿ ಏನಿದೆಯೆಂದು ಹಿಡಿಯುವುದು ಹೇಗೆ?

ಮುಂದಿನ ಭಾನುವಾರ ನನ್ನ ಅಳತೆ ಮುಗಿದಿತ್ತಾದ್ದರಿಂದ ಕೈ ಖಾಲಿ. ಹನ್ನೊಂದು ವಾರದ ಮೇಲೆ ಮೊದಲ ಸಲ ರಾಗಿ ಮೂಟೆಗೆ ಒರಗಿ, ಉಳಿದವರ ಹಾಗೆ ಕೂತೆ. ಆ ವಾರ ಟಿವಿಯಲ್ಲಿ ಅತ್ತೆ ಏನೋ ಅಂದಳು, ಗಂಡ ಏನೋ ಅಂದ, ಕಾಣದವರು ನಕ್ಕರು. ಹೆಂಡತಿ ಉತ್ತರ ಕೊಡದೆ ಹೋಗಿ ಮೆಟ್ಟಿಲಿನ ಮೇಲೆ ಕೂತಳು. ಮೂರನೇ ಮೆಟ್ಟಿಲು. ಮಂಡಿ ಮಡಚಿ, ಸೆರಗನ್ನು ಕಾಲಿನ ಮೇಲೆ ಎಳೆದುಕೊಂಡು, ಮೆಟ್ಟಿಲ ಪಕ್ಕದ ಕಟಾಂಜನಕ್ಕೆ ತಲೆ ಆನಿಸಿ ಸುಮ್ಮನೆ ಕೂತಳು. ಮನೆಯ ನಡುಮಧ್ಯೆ, ಎಲ್ಲರ ಕಣ್ಣೆದುರಿಗೆ. ಅವಳನ್ನು ಯಾರೂ ಕರೆಯಲಿಲ್ಲ. ಗಂಡ ಪತ್ರಿಕೆ ಓದಿದ, ಸೋದರಮಾವ ಬಂದು ಚಹಾ ಕುಡಿದ. ಇತ್ತ ಪಡಸಾಲೆಯಲ್ಲಿ ನನ್ನ ಪಕ್ಕದಲ್ಲಿ ವಿಶಾಲು ತನಗೇ ಗೊತ್ತಿಲ್ಲದಂತೆ ಮಂಡಿ ಮಡಚಿ ಸೆರಗು ಎಳೆದುಕೊಂಡಿದ್ದಳು.

ಗಂಗಮ್ಮ ನಿಟ್ಟುಸಿರು ಬಿಟ್ಟರು. “ನೋಡು, ಅಲ್ಲೋಗಿ ಕುಂತ್ಲು. ಇನ್ನು ಯಾರೂ ಮಾತಾಡ್ಸಾಕಿಲ್ಲ. ಪುಣ್ಯ ಮಾಡವ್ಳೆ.”

“ಹೂಂ ಗಂಗಮ್ಮ,” ಎಂದಳು ವಿಶಾಲು. “ನಂಗೆ ಸಿಟ್ಟು ಬಂದ್ರೆ ಅಡುಗೆಮನೆಗೆ ಹೋಗ್ಬೇಕು. ಅಲ್ಲಿ ನಿಂತ್ರೆ ಕೆಲಸ ಮಾಡ್ತಿದಾಳೆ ಅನ್ಕೋತಾರೆ.”

“ನಿಂದಾದ್ರೂ ಎರಡು ರೂಮು ಕಣಮ್ಮ. ನಂದು ಎಂಟು ರೂಮೈತೆ. ಕೊಟ್ಟಿಗೇಲಿ ಕುಂತ್ರೂ ಹಸ ಕರೀತದೆ.”

ಹೆಂಗಸರೆಲ್ಲ ನಕ್ಕರು. ನಾನೂ ನಗಬೇಕೆಂದಿದ್ದೆ. ಎದ್ದು ಮನೆಗೆ ಹೋಗಿ ಡೈರಿ ತೆಗೆದೆ. ಮೆಟ್ಟಿಲಿನ ಮಾಪನ ಅಪೂರ್ಣ ಎಂದೆನಲ್ಲ, ಅದು ಯಾಕೆ ಅಪೂರ್ಣ ಎಂದು ನೋಡಬೇಕಿತ್ತು. ಮೊದಲ ಭಾನುವಾರದ ಪುಟ: ‘ಮೆಟ್ಟಿಲು 1, 2 ಸರಿ. ಮೆಟ್ಟಿಲು 3ರ ಮೇಲೆ ಅಡಚಣೆ, ಅಳತೆ ಸಿಗಲಿಲ್ಲ.’ ಎರಡನೇ ಭಾನುವಾರ: ‘3ರ ಮೇಲೆ ಅಡಚಣೆ.’ ನಾಲ್ಕನೇ ಭಾನುವಾರ: ‘ಅಡಚಣೆ ಇಂದೂ ಸರಿಯಲಿಲ್ಲ.’ ಎಂಟನೇ ಭಾನುವಾರ ಕೆಂಪು ಶಾಯಿಯಲ್ಲಿ: ‘ಅಡಚಣೆ!!’ ನಾನು ಹನ್ನೊಂದು ವಾರ ಡಿವೈಡರು ಹಿಡಿದುಕೊಂಡು ಒಬ್ಬ ಹೆಂಗಸು ಎದ್ದು ಹೋಗಲಿ ಎಂದು ಕಾದಿದ್ದೆ. ಅವಳು ಹೆಂಗಸು ಎಂದು ಕೂಡ ಬರೆದಿರಲಿಲ್ಲ. ಇಡೀ ವಠಾರ ಅವಳೊಬ್ಬಳನ್ನು ನೋಡಲು ಬಂದು ಕೂರುತ್ತಿದ್ದಾಗ ನಾನು ಅವಳ ಅಕ್ಕಪಕ್ಕದ ಹಲಗೆಗಳನ್ನು ಅಳೆಯುತ್ತಿದ್ದೆ. ವಿಶಾಲು ಕೇಳಿದ್ದು ಬೊಂಬಾಯಿಯ ಮನೆಯನ್ನಲ್ಲ, ಮಹಡಿಯನ್ನೂ ಅಲ್ಲ. ಅವಳಿಗೆ ಬೇಕಾದದ್ದು ನೆಲದಿಂದ ಒಂದು ಒಂದೂವರೆ ಅಡಿ ಮೇಲಕ್ಕಿರುವ, ಒಬ್ಬರು ಕೂರಬಹುದಾದ ಒಂದು ಹಲಗೆ. ಇದನ್ನು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ಒಂದು ಕ್ಷಣ ನನಗೆ ಅನ್ನಿಸಿತು. ಹೇಳಿದ್ದರೆ ನಾನು ಸ್ಟೂಲು ತರುತ್ತಿದ್ದೆ.

ಆ ವಾರ ರಜೆ ಹಾಕಿ ಪ್ಲಾನನ್ನು ಹೊಸದಾಗಿ ಬರೆದೆ. ಹದಿನಾಲ್ಕು ಅಡಿಯ ಹಾಲು ಹತ್ತಕ್ಕೆ ಇಳಿಯಿತು. ಮೆಟ್ಟಿಲು ಒಳಗೆ ಬಂತು. ಎಲ್ಲ ಮೆಟ್ಟಿಲೂ ಹತ್ತಿಂಚು ಅಗಲ, ಮೂರನೆಯದು ಮಾತ್ರ ಹದಿನೈದು. ಮೆಟ್ಟಿಲುಗಳೆಲ್ಲ ಒಂದೇ ಅಳತೆ ಇರಬೇಕು ಎನ್ನುವುದು ಕಾಲೇಜಿನ ಮೊದಲ ವರ್ಷದ ಪಾಠ. ಗೊತ್ತಿದ್ದೇ ಬರೆದೆ. ದೊರೆಸ್ವಾಮಿ ನೋಡಿ, “ಸಾರ್, ಮೂರನೇದು ಮಿಸ್ಟೇಕು,” ಎಂದು ಕೆಂಪು ಪೆನ್ಸಿಲ್ ತೆಗೆದ. ಪೆನ್ಸಿಲ್ ಕಿತ್ತುಕೊಂಡೆ. ಗಂಗಮ್ಮನವರ ತಮ್ಮ ಕೆಂಪಣ್ಣ ನಮ್ಮ ಮನೆ ಕಟ್ಟಲು ಒಪ್ಪಿದ ಮೇಸ್ತ್ರಿ. ಅವನಿಗಂತೂ ಇದು ಪಾಪದ ಕೆಲಸವಾಗಿ ಕಂಡಿತು.

“ಅಂಗಲ್ಲ ಸಾ, ಒಂದ್ ಮೆಟ್ಲು ಅಗಲ ಆದ್ರೆ ಅತ್ತೋರು ಎಡವ್ತರೆ. ನನ್ನ ಬೈತರೆ.”

“ಬೈಯಲಿ ಕೆಂಪಣ್ಣ, ಇಂಜಿನಿಯರು ಹೇಳಿದ್ದು ಅಂತ ಹೇಳು.”

“ಅದನ್ನೇ ಏಳದು ಸಾ. ಎಲ್ಲಾ ಕಡೀಕೂ ಅಂಗೇ ಏಳದು,” ಎಂದ.

ಯುಗಾದಿಗೆ ಎರಡು ದಿನ ಮುಂಚೆ ಶೀಟನ್ನು ವಿಶಾಲು ಮುಂದೆ ಬಿಡಿಸಿದೆ. ಏನೂ ವಿವರಿಸಲಿಲ್ಲ. ಅವಳು ಬೆರಳಿಟ್ಟು ಒಂದು, ಎರಡು, ಮೂರು ಎಂದು ಎಣಿಸಿ, ಬೆರಳನ್ನು ಅಲ್ಲೇ ನಿಲ್ಲಿಸಿದಳು.

“ಇದ್ಯಾಕೆ ದೊಡ್ಡದಿದೆ?”

“ಹಾಗೇ.”

“ಎಷ್ಟು?”

“ಹದಿನೈದು ಇಂಚು.”

ಅವಳು ಸ್ಕೇಲು ಸಿಗದೆ ಅಡುಗೆಮನೆಯಿಂದ ಲಟ್ಟಣಿಗೆ ತಂದು, ನೆಲದ ಮೇಲೆ ಹದಿನೈದು ಇಂಚು ಅಂದಾಜು ಹಾಕಿ, ಅದರ ಮೇಲೆ ಕೂತು ನೋಡಿ ಸಹಿ ಮಾಡಿದಳು. ಇನ್‌ಸ್ಪೆಕ್ಷನ್ನಿನವರು ಪರೀಕ್ಷೆ ಮಾಡದೆ ಯಾವುದನ್ನೂ ಪಾಸು ಮಾಡುವುದಿಲ್ಲ.

ಮನೆ ಎದ್ದು ಈಗ ಎರಡು ವರ್ಷವಾಯಿತು. ಗೃಹಪ್ರವೇಶದ ದಿನ ಪುರೋಹಿತರಿಂದ ಹಿಡಿದು ಸೊಸೈಟಿಯ ಕಾರ್ಯದರ್ಶಿಯವರೆಗೆ ಮೂರನೇ ಮೆಟ್ಟಿಲಿನಲ್ಲಿ ಎಡವದವರಿಲ್ಲ. ಕೆಂಪಣ್ಣ ಬಾಗಿಲ ಬಳಿ ನಿಂತು ಪ್ರತಿಯೊಬ್ಬರಿಗೂ ನನ್ನ ಕಡೆ ಕೈ ತೋರಿಸುತ್ತಿದ್ದ. ಹಾಲಿನಲ್ಲಿ ನಾಲ್ವರು ಕೂತರೆ ಐದನೆಯವರು ನಿಲ್ಲಬೇಕು. ಸೋಫಾ ಬಾಗಿಲಲ್ಲಿ ನುಗ್ಗದೆ ಅಂಗಡಿಗೆ ವಾಪಸ್ ಹೋಯಿತು. ಮೆಟ್ಟಿಲು ಹತ್ತಿದರೆ ಮಾಳಿಗೆ, ಅಲ್ಲಿ ಹಪ್ಪಳ. ಆದರೂ ನಾನು ಸುಖವಾಗಿದ್ದೇನೆ. ವಿಶಾಲು ಪಾಳಿ ಮುಗಿಸಿ ಬಂದು ಚಪ್ಪಲಿ ಬಿಟ್ಟು ಮೂರನೇ ಮೆಟ್ಟಿಲಿನ ಮೇಲೆ ಮಂಡಿ ಮಡಚಿ ಕೂರುತ್ತಾಳೆ. ಸಿಟ್ಟು ಬಂದಾಗ ಮಾತ್ರ ಎಂದು ನಾನು ಮೊದಲು ತಿಳಿದಿದ್ದೆ. ದಿನವೂ ಕೂರುತ್ತಾಳೆ. ಮೊದಮೊದಲು ನನಗೆ ಗಾಬರಿ. “ಏನಾಯ್ತು? ತಲೆನೋವಾ? ನಾನೇನಾದ್ರೂ ಅಂದೆನಾ?” ಎಂದು ಮೆಟ್ಟಿಲಿನ ಬುಡದಲ್ಲಿ ನಿಂತು ಕೇಳುತ್ತಿದ್ದೆ. ಒಂದು ವಾರ ತಾಳಿಕೊಂಡವಳು ಕೊನೆಗೆ ಹೇಳಿದಳು: “ಮೆಟ್ಲೆಲ್ಲ ಸರಿಯಾಗಿ ಬಂದಿದೆ ಕಣ್ರೀ. ಆದ್ರೆ ಆ ಮನೇಲಿ ಗಂಡ ಇದ್ದನಲ್ಲ, ಅವನು ಏನೂ ಕೇಳ್ತಿರ್ಲಿಲ್ಲ. ಅದೊಂದನ್ನ ನೀವು ನೋಡಿಕೊಳ್ಳೋದು ಮರ್ತ್ಬಿಟ್ರಿ.”

ಅಂದಿನಿಂದ ಅವಳು ಅಲ್ಲಿ ಕೂತಿರುವಾಗ ಮಾತಾಡಿಸಬಾರದು ಎನ್ನುವುದು ನಮ್ಮ ಮನೆಯ ಕಾನೂನು. ಕಾನೂನು ಸುಲಭ, ಪಾಲಿಸುವುದು ಕಷ್ಟ. ಇವತ್ತು ಸಂಜೆ ಅವಳು ಕೂತದ್ದು ನೋಡಿ ನಾನೇ ಉಪ್ಪಿಟ್ಟು ಮಾಡಲು ಅಡುಗೆಮನೆಗೆ ಹೋದೆ. ರವೆ ಸಿಕ್ಕಿತು. ಸಾಸಿವೆ ಸಿಗಲಿಲ್ಲ. ಟಿವಿಯಲ್ಲಿ ಒಮ್ಮೆಯೂ ತೋರಿಸದ ಅಡುಗೆಮನೆಯ ಉದ್ದಗಲ ಬರೆದವನು ನಾನು. ನಾನೇ ಬರೆದು ಕಟ್ಟಿಸಿದ, ಎಂಟು ಅಡಿಗೆ ಏಳು ಅಡಿಯ ನನ್ನ ಅಡುಗೆಮನೆಯಲ್ಲಿ ಸಾಸಿವೆ ಎಲ್ಲಿದೆಯೆಂದು ತಿಳಿಯದೆ ಹನ್ನೆರಡು ಡಬ್ಬಿ ತೆಗೆದು ಮೂಸಿ ನೋಡಿದೆ. ಕೇಳೋಣವೆಂದರೆ ಕೇಳುವಂತಿಲ್ಲ. ಸಾಸಿವೆ ಇಲ್ಲದೆಯೇ ಉಪ್ಪಿಟ್ಟು ಆಯಿತು. ತಟ್ಟೆಗೆ ಹಾಕಿಟ್ಟೆ. ಅವಳು ತಾನಾಗಿ ಎದ್ದು ಬಂದು, ನೆಲದ ಮೇಲೆ ಕೂತು, ಒಂದು ತುತ್ತು ತಿಂದಳು, ಎರಡು ತಿಂದಳು. ಏನೂ ಹೇಳಲಿಲ್ಲ. ನಾನೂ ಏನೂ ಹೇಳದೆ ಇರಬಹುದಿತ್ತು. ಎರಡು ವರ್ಷದಲ್ಲಿ ಅಷ್ಟಾದರೂ ಕಲಿತಿರಬೇಕಿತ್ತು.

“ಹೇಗಿದೆ?” ಎಂದೆ.

ಅವಳು ತಟ್ಟೆ ಎತ್ತಿಕೊಂಡು ಮತ್ತೆ ಮೂರನೇ ಮೆಟ್ಟಿಲಿಗೆ ಹೋದಳು.